ಐಐಎಂ ಕೈತಪ್ಪಿತು, ಮತ್ತೆ ಕ್ಯಾಟ್ ಬರೆಯಬೇಕಾ? ಕೋಚಿಂಗ್‌ಗೆ ದುಡ್ಡು ಕಟ್ಟೋ ಮುಂಚೆ ಮಾಡಬೇಕಾದ ಲೆಕ್ಕ

ಮೇ ತಿಂಗಳು ಬಂತೆಂದರೆ ನನಗೆ ಒಂದೇ ಥರದ ಫೋನ್‌ಗಳು ಬರುತ್ತವೆ. "ಅಣ್ಣಾ, ಬೆಂಗಳೂರು ಐಐಎಂ ಆಗಲಿಲ್ಲ. ಮತ್ತೆ ಬರೀತಿದೀನಿ. ಕೋಚಿಂಗ್‌ಗೂ ಸೇರಿಬಿಟ್ಟೆ." ಐಐಎಂ ಅಂದರೆ ಎಂಬಿಎ ಕಲಿಸೋ ಸಂಸ್ಥೆ, ಕ್ಯಾಟ್ ಅದಕ್ಕೆ ಬರೆಯೋ ಪ್ರವೇಶ ಪರೀಕ್ಷೆ, ಪರ್ಸೆಂಟೈಲ್ ಅಂದರೆ ಬರೆದವರಲ್ಲಿ ನೂರಕ್ಕೆ ಎಷ್ಟು ಜನ ನಿಮ್ಮ ಹಿಂದಿದ್ದಾರೆ ಅನ್ನೋ ಅಂಕಿ. ಯಾಕೆ ಆಗಲಿಲ್ಲ ಅಂತ ಕೇಳಿದರೆ ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಪರ್ಸೆಂಟೈಲ್ ಕಮ್ಮಿ ಆಯ್ತು ಅನ್ಸುತ್ತೆ." ಅನ್ಸುತ್ತೆ! ಸಾವಿರಾರು ರೂಪಾಯಿ ಫೀಸು, ಒಂದಿಡೀ ವರ್ಷ, ಎರಡನ್ನೂ ಒಂದು 'ಅನ್ಸುತ್ತೆ'ಯ ಮೇಲೆ ಇಟ್ಟು ಕೂತಿರುತ್ತಾರೆ.

ನಾನೂ ಹಾಗೇ ಮಾಡಿದವನೇ. ಮೂರು ಸಲ ಕ್ಯಾಟ್ ಬರೆದೆ. ಎರಡನೇ ಸಲ ಬರೆದದ್ದು ಬರೀ ಹಟಕ್ಕೆ, ಮೊದಲ ಸಲ ಎಲ್ಲಿ ಎಡವಿದೆ ಅಂತ ತಿರುಗಿಯೂ ನೋಡದೆ. ಮೊದಲಿಗಿಂತ ಕಮ್ಮಿ ಬಂತು. ಮೂರನೇ ಸಲಕ್ಕೆ ಮುಂಚೆ ಒಂದು ಭಾನುವಾರ ಪೂರ್ತಿ ಕೂತು ಹಾಕಿದ ಲೆಕ್ಕವೇ ಕೆಳಗಿನದು. ಆಮೇಲೆ ಫೋನ್ ಮಾಡಿದವರ ಜೊತೆ ಕೂತು ತಿದ್ದುತ್ತಾ ಬಂದಿದ್ದೇನೆ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಹೆಚ್ಚಿನವರು 7ನೇ ಹಂತದಿಂದ ಶುರು ಮಾಡುತ್ತಾರೆ, ಎಡವಟ್ಟಾಗೋದೂ ಅಲ್ಲೇ.

## ಮೊದಲು ಟೇಬಲ್ ಮೇಲೆ ಇರಬೇಕಾದದ್ದು

ಕ್ಯಾಟ್ ಸ್ಕೋರ್ ಕಾರ್ಡ್. ನಿಮ್ಮ ರೆಸ್ಪಾನ್ಸ್ ಶೀಟ್, ಅಂದರೆ ಯಾವ ಪ್ರಶ್ನೆಗೆ ಏನು ಉತ್ತರ ಕೊಟ್ಟಿದ್ದಿರಿ ಅನ್ನೋ ಪಟ್ಟಿ. ಇದು ಫಲಿತಾಂಶಕ್ಕೆ ಮುಂಚೆ ಕೀ ಉತ್ತರದ ಜೊತೆ ಬರುತ್ತೆ, ವರ್ಷಪೂರ್ತಿ ಅಲ್ಲೇ ಕೂತಿರಲ್ಲ. ಇಳಿಸಿಕೊಳ್ಳದಿದ್ದರೆ ಈಗಲೇ ಒಂದು ಸಲ ಲಾಗಿನ್ ಆಗಿ ನೋಡಿ. ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿಯ ಅಂಕಪಟ್ಟಿ. ನಿಮಗೆ ಬೇಕಾದ ಕಾಲೇಜಿನ ಅಡ್ಮಿಶನ್ ಪಾಲಿಸಿಯ ಪಿಡಿಎಫ್, ಸಾಧ್ಯವಾದರೆ ಎರಡು ವರ್ಷದ್ದು. ಒಂದು ನೋಟ್‌ಬುಕ್.

ಇವುಗಳಲ್ಲಿ ಯಾರೂ ಓದದೇ ಇರೋದು ಆ ಪಾಲಿಸಿ. ಪ್ರತಿ ಐಐಎಂ ತನ್ನ ವೆಬ್‌ಸೈಟಿನಲ್ಲಿ ಹಾಕಿರುತ್ತೆ. ಯಾವುದಕ್ಕೆ ಎಷ್ಟು ತೂಕ ಅಂತ ಅದರಲ್ಲೇ ಬರೆದಿರುತ್ತೆ. ಕೋಚಿಂಗ್ ಸೆಂಟರಿನವರು ಹೇಳಿದ್ದಕ್ಕಿಂತ, ಗೆಳೆಯನ ಅಕ್ಕನಿಗೆ ಎಷ್ಟಕ್ಕೆ ಸಿಕ್ಕಿತು ಅನ್ನೋದಕ್ಕಿಂತ, ಆ ಏಳೆಂಟು ಪುಟ ಹೆಚ್ಚು ನಿಜ ಹೇಳುತ್ತೆ.

## ಹಂತ 1: ಎರಡು ವಾರ ಏನೂ ತೀರ್ಮಾನಿಸಬೇಡಿ

ಫಲಿತಾಂಶ ಬಂದ ದಿನ ತೆಗೆದುಕೊಂಡ ಎರಡೂ ಬಗೆಯ ತೀರ್ಮಾನ ಕೆಟ್ಟವೇ. "ಇನ್ನು ಈ ಕಡೆ ತಲೆ ಹಾಕಲ್ಲ" ಅನ್ನೋದೂ, "ಮುಂದಿನ ವರ್ಷ ತೋರಿಸ್ತೀನಿ" ಅನ್ನೋದೂ. ಅಂತಿಮ ಪಟ್ಟಿಗಳು ಸಾಮಾನ್ಯವಾಗಿ ಏಪ್ರಿಲ್–ಮೇ ಹೊತ್ತಿಗೆ ಬರುತ್ತವೆ, ಕ್ಯಾಟ್ ಅರ್ಜಿ ಶುರುವಾಗೋದು ಆಗಸ್ಟ್‌ನಲ್ಲಿ. ಸಮಯ ಇದೆ.

ಈ ಎರಡು ವಾರದಲ್ಲಿ ಮಾಡಬಾರದ್ದು ಮೂರು. ರಾಜೀನಾಮೆ ಕೊಡಬೇಡಿ. ಕೋಚಿಂಗ್‌ಗೆ ದುಡ್ಡು ಕಟ್ಟಬೇಡಿ. ಮೇ ತಿಂಗಳಲ್ಲೇ 'ಇವತ್ತೇ ಕೊನೆ ದಿನ, ಇಷ್ಟು ರಿಯಾಯಿತಿ' ಅಂತ ಫೋನ್ ಬರುತ್ತೆ, ಜೂನ್‌ನಲ್ಲೂ ಅದೇ ಕೊನೆ ದಿನ ಮತ್ತೆ ಬರುತ್ತೆ. ಕೈಯಲ್ಲಿ ಬೇರೆ ಕಾಲೇಜಿನ ಸೀಟು ಇದ್ದರೆ ಅದನ್ನು ಬಿಡಬೇಡಿ. ಒಂದು ಕೆಲಸ ಮಾತ್ರ ತಡಮಾಡಬೇಡಿ: ಇಂಟರ್‌ವ್ಯೂ ಆಗಿದ್ದರೆ, ಅಲ್ಲಿ ಕೇಳಿದ ಪ್ರಶ್ನೆ, ನೀವು ಕೊಟ್ಟ ಉತ್ತರ, ನೆನಪಿದ್ದಷ್ಟನ್ನೂ ಬರೆದಿಡಿ. ತಿಂಗಳು ಕಳೆದರೆ ನೆನಪು ನಿಮಗೆ ಅನುಕೂಲವಾಗೋ ಹಾಗೆ ತಿದ್ದಿಕೊಂಡುಬಿಡುತ್ತೆ.

## ಹಂತ 2: ಯಾವ ಬಾಗಿಲಲ್ಲಿ ನಿಂತಿರಿ?

'ರಿಜೆಕ್ಟ್ ಆಯ್ತು' ಅನ್ನೋದು ಒಂದೇ ಮಾತಾದರೂ ಅದರಲ್ಲಿ ನಾಲ್ಕು ಬೇರೆ ಬೇರೆ ಸೋಲುಗಳಿವೆ. ನಿಮ್ಮದು ಯಾವುದು ಅಂತ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯಿರಿ.

ಒಂದು, ಕನಿಷ್ಠ ಕಟ್‌ಆಫ್ ದಾಟಲಿಲ್ಲ. ಒಟ್ಟು ಪರ್ಸೆಂಟೈಲ್ ಚೆನ್ನಾಗಿದ್ದರೂ ಒಂದು ಸೆಕ್ಷನ್ ಕೈಕೊಟ್ಟಿರಬಹುದು. 97 ಬಂದವನಿಗೆ ಒಂದೂ ಇಂಟರ್‌ವ್ಯೂ ಕಾಲ್ ಇಲ್ಲ, ಯಾಕೆಂದರೆ ಡಿಐಎಲ್‌ಆರ್ (ದತ್ತಾಂಶ ಮತ್ತು ತರ್ಕದ ಸೆಕ್ಷನ್) ನಲ್ಲಿ 68. ಇದು ಸರಿ ಹೋಗಬಹುದಾದ ಸೋಲು.

ಎರಡು, ಕಟ್‌ಆಫ್ ದಾಟಿದರೂ ಇಂಟರ್‌ವ್ಯೂ ಕಾಲ್ ಬರಲಿಲ್ಲ. ಅತಿ ಹೆಚ್ಚು ತಪ್ಪು ತಿಳಿಯೋದು ಇಲ್ಲೇ. 2024ರ ಕ್ಯಾಟ್‌ಗೆ ಬೆಂಗಳೂರು ಐಐಎಂ ಸಾಮಾನ್ಯ ವರ್ಗಕ್ಕೆ ಇಟ್ಟಿದ್ದ ಕನಿಷ್ಠ ಒಟ್ಟು ಪರ್ಸೆಂಟೈಲ್ 85. ಅದನ್ನು ನೋಡಿ "ನಂದು 96, ಆದರೂ ಕರೀಲಿಲ್ಲ, ಏನೋ ಮೋಸ" ಅನ್ನುವವರಿದ್ದಾರೆ. ಮೋಸ ಏನಿಲ್ಲ. 85 ಅಂದರೆ ನಿಮ್ಮ ಅರ್ಜಿಯನ್ನು ಲೆಕ್ಕಕ್ಕೆ ತಗೊಳ್ಳುತ್ತಾರೆ ಅಂತ ಅಷ್ಟೇ. ಆಮೇಲೆ ಹತ್ತನೇ ಕ್ಲಾಸು, ಪಿಯುಸಿ, ಡಿಗ್ರಿ, ಕೆಲಸದ ಅನುಭವ ಎಲ್ಲ ಸೇರಿಸಿ ಸಾಲಾಗಿ ನಿಲ್ಲಿಸುತ್ತಾರೆ, ಮೇಲಿನಿಂದ ಕರೆಯುತ್ತಾರೆ. ನೀವು ಈ ಬಾಗಿಲಲ್ಲಿ ನಿಂತಿದ್ದರೆ ಹಂತ 3 ನಿಮಗೇ ಬರೆದದ್ದು.

ಮೂರು, ಇಂಟರ್‌ವ್ಯೂ ಆಯಿತು, ಕನ್ವರ್ಟ್ ಆಗಲಿಲ್ಲ, ಅಂದರೆ ಸೀಟು ಸಿಗಲಿಲ್ಲ. ಬೇಜಾರು ಜಾಸ್ತಿ, ಆದರೆ ಲೆಕ್ಕದ ದೃಷ್ಟಿಯಿಂದ ಒಳ್ಳೆ ಜಾಗ. ನಿಮ್ಮ ಪ್ರೊಫೈಲ್ ಬಾಗಿಲು ದಾಟಬಲ್ಲದು ಅಂತ ಒಂದು ಸಲ ಗೊತ್ತಾಗಿದೆ.

ನಾಲ್ಕು, ವೇಟ್‌ಲಿಸ್ಟ್‌ನಲ್ಲಿ ಕೂತು ಕೂತು ಕೊನೆಗೆ ಆಗಲಿಲ್ಲ. ಮತ್ತೆ ಬರೆಯೋಕೆ ಎಲ್ಲರಿಗಿಂತ ಗಟ್ಟಿ ಕಾರಣ ಇರೋದು ಇವರಿಗೆ. ಹಾಗಂತ ಹೋದ ವರ್ಷದ ಸ್ಕೋರ್ ಇಟ್ಟುಕೊಂಡು ಹೋಗೋಕೆ ಆಗಲ್ಲ. ಕ್ಯಾಟ್ ಅಂಕ ಪರೀಕ್ಷೆಯ ಮುಂದಿನ ವರ್ಷದ ಡಿಸೆಂಬರ್ 31ರವರೆಗೆ ಮಾತ್ರ ಚಾಲ್ತಿ. ಮತ್ತೆ ಬರೀಲೇಬೇಕು, ಸೊನ್ನೆಯಿಂದ.

ಮೂರು ಅಥವಾ ನಾಲ್ಕನೇ ಬಾಗಿಲಲ್ಲಿ ನಿಂತವರಿಗೆ ಇನ್ನೊಂದು ದಾರಿ ಇದೆ, ಕಮ್ಮಿ ಜನ ಉಪಯೋಗಿಸುತ್ತಾರೆ. ಐಐಎಂಗಳು ಮಾಹಿತಿ ಹಕ್ಕು ಕಾಯ್ದೆಗೆ ಒಳಪಟ್ಟಿವೆ. 10 ರೂಪಾಯಿ ಶುಲ್ಕ ಕಟ್ಟಿ, ನಿಮ್ಮದೇ ಇಂಟರ್‌ವ್ಯೂ ಮತ್ತು ಬರವಣಿಗೆ ಪರೀಕ್ಷೆಯ ಅಂಕ ಕೇಳಬಹುದು. ಉತ್ತರಕ್ಕೆ 30 ದಿನದ ಗಡುವು. ಕೇಳಿದ್ದೆಲ್ಲ ಸಿಗುತ್ತೆ ಅಂತ ಗ್ಯಾರಂಟಿ ಇಲ್ಲ. "ನನ್ನನ್ನು ಯಾಕೆ ತಗೊಳ್ಳಲಿಲ್ಲ" ಅಂತ ಕೇಳಬೇಡಿ, ಅದು ಮಾಹಿತಿಯ ಪ್ರಶ್ನೆ ಆಗಲ್ಲ. "ನನ್ನ ಅರ್ಜಿ ಸಂಖ್ಯೆ ಇಂಥದು, ಇಂಥಿಂಥ ಭಾಗಕ್ಕೆ ಕೊಟ್ಟ ಅಂಕ ತಿಳಿಸಿ" ಅಂತ ಕೇಳಿ.

## ಹಂತ 3: ಬದಲಾಗದ ಅಂಕವನ್ನು ಮೊದಲು ಬರೆಯಿರಿ

ನೋವಿನ ಹಂತ, ಹಾಗಾಗಿ ಎಲ್ಲರೂ ಹಾರಿಸುತ್ತಾರೆ. ಎಸ್ಸೆಸ್ಸೆಲ್ಸಿ ಬರೆದಾಗ ನಿಮಗೆ ಹದಿನೈದೋ ಹದಿನಾರೋ ವಯಸ್ಸು. ಆ ಅಂಕ ಇನ್ನು ಈ ಜನ್ಮಕ್ಕೆ ಬದಲಾಗಲ್ಲ. ಅದು ಎಷ್ಟು ಹಿಂದಕ್ಕೆ ಎಳೆಯುತ್ತೆ ಅಂತ ಗೊತ್ತಾದರೆ, ಕ್ಯಾಟ್ ಎಷ್ಟು ಮುಂದಕ್ಕೆ ಎಳೀಬೇಕು ಅಂತ ಗೊತ್ತಾಗುತ್ತೆ.

ಶೇಕಡಾವಾರು ಸರಿಯಾಗಿ ಹಾಕಿ. ಎಸ್ಸೆಸ್ಸೆಲ್ಸಿ 625ಕ್ಕೆ, ಪಿಯುಸಿ 600ಕ್ಕೆ, ಭಾಷೆಗಳೂ ಸೇರಿ. ನಮ್ಮಲ್ಲಿ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ) ಮಾತ್ರ ಕೂಡಿ "ನಂಗೆ ಪಿಯುಸಿಲಿ 91" ಅಂತ ಹೇಳೋ ಅಭ್ಯಾಸ ಇದೆ. ಸಿಇಟಿಗೆ ಅದು ಸರಿ, ಇಲ್ಲಿ ನಡೆಯಲ್ಲ. ಡಿಗ್ರಿಯದು ಸಿಜಿಪಿಎ ಆಗಿದ್ದರೆ ನಿಮ್ಮ ವಿಶ್ವವಿದ್ಯಾಲಯ ಕೊಟ್ಟಿರೋ ಸೂತ್ರವನ್ನೇ ಬಳಸಿ, ಸುಮ್ನೆ ಹತ್ತರಿಂದ ಗುಣಿಸಬೇಡಿ.

ಈಗ ಒಂದು ಲೆಕ್ಕ. ಅಂಕಿಗಳು ಲೆಕ್ಕ ತೋರಿಸೋಕೆ ನಾನೇ ಇಟ್ಟುಕೊಂಡದ್ದು, ಯಾವ ಕಾಲೇಜಿನದೂ ಅಲ್ಲ. ಕ್ಯಾಟ್‌ಗೆ 60, ಹತ್ತನೇ ಕ್ಲಾಸು, ಪಿಯುಸಿ, ಡಿಗ್ರಿಗೆ ತಲಾ 10, ಅನುಭವಕ್ಕೆ 10, ಅದೂ 36 ತಿಂಗಳಿಗೆ ಪೂರ್ತಿ. ನಿಮ್ಮದು 78, 71, 68 ಮತ್ತು 20 ತಿಂಗಳು. ಅಂದರೆ 7.8, 7.1, 6.8, 5.6. ಕೂಡಿದರೆ 27.3. ನಿಮ್ಮ ಜೊತೆ ಅರ್ಜಿ ಹಾಕಿದವಳದು 94, 92, 80 ಮತ್ತು 36 ತಿಂಗಳು, ಒಟ್ಟು 36.6. ಅಂತರ 9.3. ಇದನ್ನು ಕ್ಯಾಟ್‌ನ 60ರಲ್ಲಿ ತುಂಬಬೇಕು. 2024ರ ಪತ್ರಿಕೆಯಲ್ಲಿ 68 ಪ್ರಶ್ನೆ, ಒಟ್ಟು 204 ಅಂಕ. ಹಾಗೆ ನೋಡಿದರೆ ನಿಮಗೆ ಅವಳಿಗಿಂತ 32 ಅಂಕ ಜಾಸ್ತಿ ಬೇಕು. ಹನ್ನೊಂದು ಪ್ರಶ್ನೆ! ಅದೇ ಒಂದು ವರ್ಷ ಬಿಟ್ಟು ಅವಳಂಥದ್ದೇ ಪ್ರೊಫೈಲ್ ಇರೋವರ ಜೊತೆ ನಿಂತರೆ ನಿಮ್ಮ ಅನುಭವ 32 ತಿಂಗಳಾಗಿರುತ್ತೆ, 5.6 ಇದ್ದದ್ದು 8.9 ಆಗುತ್ತೆ, ಅಂತರ 6ಕ್ಕೆ ಇಳಿಯುತ್ತೆ, ಅಂದರೆ 20 ಅಂಕ, ಏಳು ಪ್ರಶ್ನೆ. ಕೆಲಸ ಬಿಡದೆ ಕೂತಿದ್ದಕ್ಕೇ ನಾಲ್ಕು ಪ್ರಶ್ನೆ ಸಿಕ್ಕಿತು ಅಂತ ಲೆಕ್ಕ.

ನಿಜವಾದ ಸೂತ್ರ ಇಷ್ಟು ಸರಳ ಇರಲ್ಲ. ಬೆಂಗಳೂರು ಐಐಎಂ ಹತ್ತನೇ ಕ್ಲಾಸು ಮತ್ತು ಪಿಯುಸಿ ಅಂಕವನ್ನು ಹಾಗೇ ತಗೊಳ್ಳಲ್ಲ. ಅರ್ಜಿ ಹಾಕಿದವರಲ್ಲಿ ಅದೇ ಬೋರ್ಡಿನವರ 90ನೇ ಪರ್ಸೆಂಟೈಲ್ ಅಂಕದಿಂದ ಭಾಗಿಸಿ ಸರಿದೂಗಿಸುತ್ತೆ. ಧಾರಾಳವಾಗಿ ಅಂಕ ಕೊಡೋ ಬೋರ್ಡಿನವರ 95, ಬಿಗಿಯಾದ ಬೋರ್ಡಿನವರ 88, ಎರಡೂ ಹತ್ತಿರ ಹತ್ತಿರ ಆಗಬಹುದು. ಅಹಮದಾಬಾದಿನವರು ಅಪ್ಲಿಕೇಶನ್ ರೇಟಿಂಗ್ ಅಂತ ಇಟ್ಟಿದ್ದಾರೆ, ಅದರಲ್ಲಿ ಅಂಕಗಳು ಮೆಟ್ಟಿಲ ಥರ. ಒಂದು ಮೆಟ್ಟಿಲು ಕೆಳಗಿದ್ದರೆ ಅರ್ಧ ಶೇಕಡಾ ಕಮ್ಮಿ ಆದದ್ದಕ್ಕೂ ಪೂರ್ತಿ ಪೆಟ್ಟು. ಹಾಗಾಗಿ ನಿಮ್ಮ ಕಾಲೇಜಿನ ಪಾಲಿಸಿ ತೆಗೆದು ಅದರ ಸೂತ್ರಕ್ಕೇ ನಿಮ್ಮ ಅಂಕ ಹಾಕಿ. ಅನುಭವವನ್ನು ಯಾವ ತಾರೀಖಿನವರೆಗೆ ಎಣಿಸುತ್ತಾರೆ ಅನ್ನೋದೂ ಅಲ್ಲೇ ಇರುತ್ತೆ. ಇಂಟರ್ನ್‌ಶಿಪ್ ಎಣಿಸಲ್ಲ.

ಎಚ್ಚರ: ಲೆಕ್ಕ ಹಾಕಿದಾಗ ಕ್ಯಾಟ್‌ನಲ್ಲಿ 99.8 ಬಂದರೂ ಕಾಲ್ ಅನುಮಾನ ಅಂತ ಬಂದರೆ, ಆ ಒಂದು ಕಾಲೇಜಿಗೋಸ್ಕರ ಮತ್ತೆ ಬರೆಯಬೇಡಿ. ಹಳೇ ಅಂಕಕ್ಕೆ ಕಮ್ಮಿ ತೂಕ ಕೊಡೋ ಕಾಲೇಜುಗಳು ಇವೆ. ಅವನ್ನು ಗುರಿ ಇಟ್ಟುಕೊಂಡು ಬರೆಯೋದು ಬೇರೆ ಮಾತು.

## ಹಂತ 4: ಕ್ಯಾಟ್ ಎಷ್ಟು ಏರಬಲ್ಲದು?

"ಇನ್ನೂ ಚೆನ್ನಾಗಿ ಓದ್ತೀನಿ" ಅನ್ನೋದು ಲೆಕ್ಕಕ್ಕೆ ಬರಲ್ಲ. ರೆಸ್ಪಾನ್ಸ್ ಶೀಟ್ ತೆಗೆಯಿರಿ, ಪ್ರತಿ ಪ್ರಶ್ನೆಯ ಮುಂದೆ ಒಂದು ಗುರುತು ಹಾಕಿ: ಗೊತ್ತಿದ್ದು ಸರಿ ಮಾಡಿದ್ದು, ಗೊತ್ತಿದ್ದೂ ತಪ್ಪಿದ್ದು, ಗೊತ್ತಿಲ್ಲದೆ ಗುಂಡು ಹೊಡೆದದ್ದು, ಸಮಯ ಸಾಲದೆ ಬಿಟ್ಟದ್ದು, ಎಷ್ಟು ಸಮಯ ಕೊಟ್ಟರೂ ಬರದೇ ಇದ್ದದ್ದು.

ದಾವಣಗೆರೆ ಕಡೆಯ ಒಬ್ಬ ಹುಡುಗಿ ಹೋದ ಜೂನ್‌ನಲ್ಲಿ ನಮ್ಮ ಮನೆಯ ಊಟದ ಟೇಬಲ್ ಮೇಲೆ ಇದನ್ನು ಮಾಡಿದಳು. ಅವಳ ಪ್ರಕಾರ ಅವಳ ಸಮಸ್ಯೆ ಕ್ವಾಂಟ್, ಅಂದರೆ ಗಣಿತದ ಸೆಕ್ಷನ್. ಮೂರು ತಿಂಗಳ ಕ್ವಾಂಟ್ ಬ್ಯಾಚಿಗೆ ಹೆಸರು ಕೊಡೋಕೆ ಹೊರಟಿದ್ದಳು. ಗುರುತು ಹಾಕುತ್ತಾ ಹೋದ ಹಾಗೆ ಕ್ವಾಂಟ್‌ನಲ್ಲಿ ಮುಟ್ಟಿದ್ದೆಲ್ಲ ಹೆಚ್ಚುಕಮ್ಮಿ ಸರಿ ಇತ್ತು. ಡಿಐಎಲ್‌ಆರ್‌ನಲ್ಲಿ 22 ಪ್ರಶ್ನೆ, ಐದು ಸೆಟ್ (ಒಂದೇ ಮಾಹಿತಿಯ ಮೇಲೆ ಕೇಳಿದ ಪ್ರಶ್ನೆಗಳ ಗುಂಪು). ಅವಳು ಮೊದಲು ಕಂಡ ಸೆಟ್ಟಿಗೇ ಅಂಟಿಕೊಂಡು ಹದಿನೆಂಟು ನಿಮಿಷ ಕಳೆದಿದ್ದಳು, ಒಂದು ಪ್ರಶ್ನೆ ಸರಿಯಾಗಿತ್ತು. ಸೆಕ್ಷನ್‌ಗೆ ಇರೋದೇ 40 ನಿಮಿಷ. ಕೊನೆಯ ಸೆಟ್ಟನ್ನು ಆವತ್ತು ನಮ್ಮ ಟೇಬಲ್ ಮೇಲೆ ಏಳು ನಿಮಿಷಕ್ಕೆ ಮುಗಿಸಿದಳು. ಪರೀಕ್ಷೆಯ ದಿನ ಅದನ್ನು ಓದಿಯೇ ಇರಲಿಲ್ಲ. ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಕಿಟಕಿ ನೋಡುತ್ತಾ ಕೂತಳು, ಪಾಪ.

ನಿಮ್ಮ ಶೀಟಿನಲ್ಲಿ 'ಗೊತ್ತಿದ್ದೂ ತಪ್ಪಿದ್ದು', 'ಸಮಯ ಸಾಲದೆ ಬಿಟ್ಟದ್ದು' ಜಾಸ್ತಿ ಇದ್ದರೆ ಅಂಕ ಏರೋಕೆ ಜಾಗ ಇದೆ. ಸರಿಗೆ 3, ಆಯ್ಕೆ ಪ್ರಶ್ನೆಯಲ್ಲಿ ತಪ್ಪಿದರೆ ಮೈನಸ್ 1. ಒಂದು ತಪ್ಪು ಸರಿಯಾದರೆ 4 ಅಂಕದ ಜಿಗಿತ. ಐದು ಅಂಥವು ಸಿಕ್ಕರೆ 20. ಹಂತ 3ರ ಲೆಕ್ಕಕ್ಕೆ ಹೊಂದಿಸಿ ನೋಡಿ. 'ಎಷ್ಟು ಸಮಯ ಕೊಟ್ಟರೂ ಬರದ್ದು' ಜಾಸ್ತಿ ಇದ್ದರೆ ಆರು ತಿಂಗಳ ಕೆಲಸ ಇದೆ ಅಂತ ಅರ್ಥ. ಆಗದು ಅಂತಲ್ಲ, ಆದರೆ ಆಫೀಸಿನಿಂದ ರಾತ್ರಿ ಒಂಬತ್ತಕ್ಕೆ ಮನೆಗೆ ಬರುವವರು ಇದನ್ನು ಪ್ರಾಮಾಣಿಕವಾಗಿ ಯೋಚಿಸಬೇಕು.

ಪರ್ಸೆಂಟೈಲ್ ಅನ್ನು ತಲೆ ಎಣಿಸಿ ನೋಡಿ. 2024ರಲ್ಲಿ ಪರೀಕ್ಷೆ ಬರೆದವರು ಸುಮಾರು 2.93 ಲಕ್ಷ. 95 ಬಂದರೆ ನಿಮ್ಮ ಮುಂದೆ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನ. 99 ಬಂದರೆ ಮೂರು ಸಾವಿರದ ಹತ್ತಿರ. 99.5ಕ್ಕೆ ಹದಿನೈದು ನೂರರ ಹತ್ತಿರ. "ಬರೀ ನಾಲ್ಕು ಪರ್ಸೆಂಟೈಲ್ ತಾನೇ" ಅನ್ನುವವರು ಹನ್ನೊಂದು ಸಾವಿರಕ್ಕೂ ಹೆಚ್ಚು ಜನರನ್ನು ದಾಟೋ ಮಾತಾಡುತ್ತಿದ್ದಾರೆ.

ಈಗ ಪರೀಕ್ಷೆ: ಇದೇ ವಾರ, ಏನೂ ಓದದೆ, ಎರಡು ಫುಲ್ ಮಾಕ್ (ಅಣಕು ಪರೀಕ್ಷೆ) ಬರೆಯಿರಿ. ಹೋದ ನವೆಂಬರಿನ ಮಟ್ಟದಲ್ಲೇ ಇದ್ದೀರಿ ಅಂದರೆ ಒಳ್ಳೆ ಸೂಚನೆ. ತುಂಬಾ ಕೆಳಗಿದ್ದರೆ ಮೊದಲ ಮೂರು ತಿಂಗಳು ಹೋದ ವರ್ಷ ಇದ್ದ ಜಾಗಕ್ಕೆ ವಾಪಸ್ ಬರೋಕೇ ಬೇಕು.

## ಹಂತ 5: ಇಂಟರ್‌ವ್ಯೂ ಪೋಸ್ಟ್‌ಮಾರ್ಟಂ

ಕಾಲ್ ಬಂದವರಿಗೆ ಮಾತ್ರ. ಬೆಂಗಳೂರಿನಲ್ಲಿ ಬರವಣಿಗೆ ಪರೀಕ್ಷೆ ಮತ್ತು ಇಂಟರ್‌ವ್ಯೂ ಎರಡೂ ಇರುತ್ತವೆ, ಕೊನೆಯ ಪಟ್ಟಿಗೆ ಕ್ಯಾಟ್ ಮತ್ತು ಹಳೇ ಅಂಕ ಮತ್ತೆ ಸೇರಿಕೊಳ್ಳುತ್ತವೆ. ಹಾಗಾಗಿ "ಇಂಟರ್‌ವ್ಯೂ ಚೆನ್ನಾಗೇ ಆಗಿತ್ತು" ಅನ್ನೋದು ನಿಜ ಇದ್ದೂ ಸೀಟು ತಪ್ಪಿರಬಹುದು. ಅಂಚಿನಲ್ಲಿ ಕಾಲ್ ಬಂದವರು ಇಂಟರ್‌ವ್ಯೂನಲ್ಲಿ ಅಷ್ಟೂ ಹಿಂದಿನ ಅಂತರ ತುಂಬಬೇಕಿತ್ತು.

ನನ್ನದು ಹೇಗೆ ಹೋಯಿತು ಅಂತ ಹೇಳುತ್ತೇನೆ. ಕಾಲೇಜಿನ ಹೆಸರು ಬೇಡ. ಎರಡನೇ ಪ್ರಶ್ನೆಯೇ, "ನಿಮ್ಮ ಕಂಪನಿಗೆ ದುಡ್ಡು ಎಲ್ಲಿಂದ ಬರುತ್ತೆ?" ನಾನು ನಮ್ಮ ಟೀಮ್ ಯಾವ ಸಾಫ್ಟ್‌ವೇರ್ ಬರೆಯುತ್ತೆ ಅಂತ ಮೂರು ನಿಮಿಷ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, "ಅದನ್ನು ಯಾರು ಕೊಳ್ತಾರೆ, ಎಷ್ಟಕ್ಕೆ?" ಅಂದರು. ಗೊತ್ತಿರಲಿಲ್ಲ. ಎರಡು ವರ್ಷ ಅಲ್ಲೇ ಸಂಬಳ ತಗೊಂಡಿದ್ದೆ! ಆಚೆ ಬಂದ ಮೇಲೆ ಗೆಳೆಯರಿಗೆ "ಸ್ಟ್ರೆಸ್ ಇಂಟರ್‌ವ್ಯೂ ಮಾಡಿದ್ರು ಕಣ್ರೋ" ಅಂತ ಹೇಳಿಕೊಂಡು ತಿರುಗಿದೆ. ಎಂಥ ಸ್ಟ್ರೆಸ್ಸೂ ಇರಲಿಲ್ಲ.

ಬರೆದಿಟ್ಟ ಪ್ರಶ್ನೆಗಳನ್ನು ಮೂರು ಗುಂಪು ಮಾಡಿ: ನಿಮ್ಮ ಕೆಲಸದ ಬಗ್ಗೆ, ಡಿಗ್ರಿಯ ವಿಷಯದ ಬಗ್ಗೆ, 'ಎಂಬಿಎ ಯಾಕೆ, ಈಗಲೇ ಯಾಕೆ'. ಪರಿಚಯ ಕಮ್ಮಿ ಇರೋ, ನಿಮಗಿಂತ ಹತ್ತು ವರ್ಷ ದೊಡ್ಡವರಾದ ಒಬ್ಬರಿಗೆ ಕೊಟ್ಟು ಓದಿಸಿ. ಗೆಳೆಯರಿಗೆ ಕೊಡಬೇಡಿ, ಅವರು ಸಮಾಧಾನ ಹೇಳುತ್ತಾರೆ. ಕೆಲಸದ ಪ್ರಶ್ನೆಗಳಲ್ಲಿ ಎಡವಿದ್ದರೆ ಒಂದು ವರ್ಷದಲ್ಲಿ ಖಂಡಿತ ಸರಿ ಮಾಡಬಹುದು. ಡಿಗ್ರಿಯ ವಿಷಯ ಮರೆತಿದ್ದರೆ ಎರಡು ತಿಂಗಳು ಸಾಕು. 'ಎಂಬಿಎ ಯಾಕೆ'ಗೆ ಈಗಲೂ ಉತ್ತರ ಇಲ್ಲ ಅಂದರೆ, ಅಲ್ಲಿ ನಿಲ್ಲಿ. ಪ್ಯಾನೆಲ್‌ನವರು ಕೇಳಿದ್ದು ನಿಮ್ಮನ್ನು ಸಿಕ್ಕಿಹಾಕಿಸೋಕೆ ಅಲ್ಲದೇ ಇರಬಹುದು.

## ಹಂತ 6: ಕೈಯಲ್ಲಿ ಬೇರೆ ಸೀಟು ಇದ್ದರೆ

ಎಲ್ಲಕ್ಕಿಂತ ಕಷ್ಟದ್ದು ಇದು, ಸಮಯವೂ ಕಮ್ಮಿ, ಯಾಕೆಂದರೆ ಫೀಸಿನ ಮೊದಲ ಕಂತಿಗೆ ತಾರೀಖು ಇರುತ್ತೆ. ತ್ರಿಚಿ ಅಥವಾ ವಿಶಾಖಪಟ್ಟಣದ ಐಐಎಂ ಸಿಕ್ಕಿದೆ, ಮನಸ್ಸು ಬನ್ನೇರುಘಟ್ಟ ರಸ್ತೆಯಲ್ಲಿದೆ. ಏನು ಮಾಡೋದು?

ನಾನು ಕೇಳೋ ಪ್ರಶ್ನೆ ಒಂದೇ: ಮುಂದಿನ ವರ್ಷವೂ ಬೆಂಗಳೂರು ಆಗದೆ ಇದೇ ಸೀಟು ಮತ್ತೆ ಸಿಕ್ಕರೆ ಆಗ ಸೇರುತ್ತೀರಾ? ಹೌದು ಅಂದರೆ ಈಗಲೇ ಸೇರಿ. ಒಂದು ವರ್ಷ ತಡವಾಗಿ ಅದೇ ಜಾಗಕ್ಕೆ ಹೋಗೋದರಲ್ಲಿ ಏನಿದೆ? ಇಲ್ಲ, ಯಾವತ್ತೂ ಸೇರಲ್ಲ ಅಂದರೆ ಆ ಸೀಟನ್ನು ಲೆಕ್ಕದಿಂದ ತೆಗೆದುಬಿಡಿ.

ಒಂದು ಪಕ್ಕಾ ತಪ್ಪು ದಾರಿ: ಸೇರಿಕೊಂಡು, ಅಲ್ಲಿಂದಲೇ ನವೆಂಬರ್‌ನಲ್ಲಿ ಮತ್ತೆ ಬರೆಯೋದು. ಮೊದಲ ವರ್ಷದ ಓದು, ಸಮ್ಮರ್ ಇಂಟರ್ನ್‌ಶಿಪ್‌ಗೆ ಕಂಪನಿಗಳು ಬರೋ ಸಮಯ, ಕ್ಯಾಟ್, ಮೂರೂ ಒಂದೇ ತಿಂಗಳುಗಳಲ್ಲಿ ಬೀಳುತ್ತವೆ. ಮೂರೂ ಅರ್ಧಂಬರ್ಧ ಆಗುತ್ತೆ. ಫೀಸಿಗೆ ತಗೊಂಡ ಸಾಲಕ್ಕೆ ಬಡ್ಡಿ ಮಾತ್ರ ಪೂರ್ತಿ ಓಡುತ್ತೆ.

## ಹಂತ 7: ಕೆಲಸ, ದುಡ್ಡು, ಮನೆ

ಕೆಲಸ ಬಿಟ್ಟು ಓದಬೇಕಾ? ನನ್ನ ಉತ್ತರ, ಬೇಡ. ಹಂತ 3ರಲ್ಲಿ ನೋಡಿದಿರಲ್ಲ, ಅನುಭವದ ತಿಂಗಳಿಗೆ ಅಂಕ ಇದೆ. ಖಾಲಿ ಕೂತ ತಿಂಗಳಿಗೆ ಇಂಟರ್‌ವ್ಯೂನಲ್ಲಿ ಪ್ರಶ್ನೆ ಇದೆ. ದಿನಕ್ಕೆ ಎರಡು ಗಂಟೆ, ಶನಿವಾರ ಭಾನುವಾರ ಐದೈದು ಗಂಟೆ, ಆರು ತಿಂಗಳು. ಇಷ್ಟು ಸಾಲದು ಅನ್ನಿಸಿದರೆ ಅಕ್ಟೋಬರ್–ನವೆಂಬರ್‌ಗೆ ರಜೆ ಕೂಡಿಟ್ಟುಕೊಳ್ಳಿ. ಶಿಫ್ಟ್ ಕೆಲಸ, ಹನ್ನೆರಡು ಗಂಟೆ ದುಡಿತ ಇರೋವರಿಗೆ ಇದು ಆಗಲ್ಲ ಅಂತ ಗೊತ್ತು. ಅಂಥವರು ರಾಜೀನಾಮೆಗಿಂತ ಮೊದಲು ಟೀಮ್ ಬದಲಿಸೋಕೆ ಆಗುತ್ತಾ ನೋಡಲಿ.

ದುಡ್ಡಿನ ಲೆಕ್ಕ ಚಿಕ್ಕದು. ಅರ್ಜಿ ಶುಲ್ಕ 2024ರಲ್ಲಿ 2,500 ರೂಪಾಯಿ ಇತ್ತು, ಎಸ್‌ಸಿ, ಎಸ್‌ಟಿ ಮತ್ತು ಅಂಗವಿಕಲರಿಗೆ 1,250. ಎರಡನೇ ಸಲ ಬರೆಯುವವರಿಗೆ ಪೂರ್ತಿ ಕೋಚಿಂಗ್ ಬೇಕಾಗಿರಲ್ಲ, ಮಾಕ್ ಸರಣಿ ಸಾಕು. ಅದೇ ಪಾಠಗಳನ್ನು ಮತ್ತೆ ಮೊದಲಿಂದ ಕೇಳೋದು ಓದಿದ ಹಾಗೆ ಅನ್ನಿಸುತ್ತೆ, ಆದರೆ ಅದು ಓದು ಅಲ್ಲ.

ಮನೆಯವರಿಗೆ ಹೇಳುವಾಗ ತಾರೀಖು ಹೇಳಿ. "ಇನ್ನೊಂದು ಸಲ ಟ್ರೈ ಮಾಡ್ತೀನಿ ಅಮ್ಮ" ಅಂದರೆ ಅವರಿಗೆ ಕೊನೆಯೇ ಕಾಣಲ್ಲ. "ಡಿಸೆಂಬರ್ ಕೊನೆಗೆ ರಿಸಲ್ಟ್, ಮೇಗೆ ಎಲ್ಲ ಮುಗಿಯುತ್ತೆ, ಅಲ್ಲೀವರೆಗೆ ಮದುವೆ ಮಾತು ಬೇಡ" ಅಂದರೆ ಒಪ್ಪುತ್ತಾರೆ, ಅಥವಾ ಕನಿಷ್ಠ ಸುಮ್ಮನಿರುತ್ತಾರೆ.

## ಹಂತ 8: ಕ್ಯಾಟ್ ಒಂದೇ ದಾರಿನಾ?

ಬೇಗ ಹೇಳಿಬಿಡುತ್ತೇನೆ. ಎಕ್ಸ್‌ಎಟಿ ಅನ್ನೋ ಇನ್ನೊಂದು ಪ್ರವೇಶ ಪರೀಕ್ಷೆ ಜನವರಿ ಮೊದಲ ಭಾನುವಾರದ ಸುಮಾರಿಗೆ ಇರುತ್ತೆ, ಜಮ್ಷೆಡ್‌ಪುರದ ಎಕ್ಸ್‌ಎಲ್‌ಆರ್‌ಐ ಕಾಲೇಜಿಗೆ ಅದೇ ದಾರಿ, ಕ್ಯಾಟ್‌ಗೆ ಓದಿದ್ದು ಬಹುಪಾಲು ಅಲ್ಲೂ ನಡೆಯುತ್ತೆ. ಐದು ವರ್ಷ ಅನುಭವ ಹತ್ತಿರ ಆಗಿದ್ದರೆ ಬೆಂಗಳೂರು ಐಐಎಂನದ್ದೇ, ಅನುಭವ ಇರೋವರಿಗಾಗಿ ಇರೋ ಒಂದು ವರ್ಷದ ಇಪಿಜಿಪಿ ಕೋರ್ಸ್ ನೋಡಿ. ಅದಕ್ಕೆ ಜಿಮ್ಯಾಟ್ ಅಥವಾ ಜಿಆರ್‌ಇ ಅನ್ನೋ ಅಂತರರಾಷ್ಟ್ರೀಯ ಪರೀಕ್ಷೆ. ಐಎಸ್‌ಬಿ (ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್) ಯ ಒಂದು ವರ್ಷದ ಕೋರ್ಸಿಗೆ ಎರಡು ವರ್ಷದ ಅನುಭವ ಸಾಕು. ಜಿಮ್ಯಾಟ್ ಅಂಕ ಐದು ವರ್ಷ ಚಾಲ್ತಿ, 16 ದಿನ ಬಿಟ್ಟು ಮತ್ತೆ ಬರೆಯಬಹುದು, 12 ತಿಂಗಳಲ್ಲಿ ಐದು ಸಲ. ನವೆಂಬರಿನ ಒಂದು ಭಾನುವಾರದ ಮೇಲೆ ಇಡೀ ವರ್ಷ ನೇತಾಡೋದು ಯಾರಿಗೆ ಆಗಿಬರಲ್ಲವೋ ಅವರಿಗೆ ಇದು ದೊಡ್ಡ ನೆಮ್ಮದಿ.

ವಿದೇಶದ ಕಾಲೇಜಿಗೆ ಮತ್ತೆ ಅರ್ಜಿ ಹಾಕುವವರ ವಿಷಯ ಸ್ವಲ್ಪ ಬೇರೆ. ಅಲ್ಲಿ ಹಳೇ ಅರ್ಜಿ ಅವರ ಹತ್ತಿರ ಇರುತ್ತೆ. ಅಮೆರಿಕದ ವಾರ್ಟನ್ ಕಾಲೇಜಿನ ಥರದವರು ಮತ್ತೆ ಅರ್ಜಿ ಹಾಕಿದವರಿಂದ ಪ್ರತ್ಯೇಕ ಪ್ರಬಂಧ ಬರೆಸುತ್ತಾರೆ: ಹೋದ ಸಲದಿಂದ ಏನು ಬದಲಾಯಿತು? ಜಿಮ್ಯಾಟ್ ಹತ್ತು ಅಂಕ ಏರಿತು ಅನ್ನೋದೊಂದೇ ಉತ್ತರ ಆದರೆ ಒಂದು ವರ್ಷ ಕಾಯಿರಿ. ಹೊಸ ಜವಾಬ್ದಾರಿ, ಬಡ್ತಿ, ಏನಾದರೂ ಒಂದು ಕೆಲಸದಲ್ಲೇ ಆಗಿರಬೇಕು.

## ಹಂತ 9: ಒಂದು ಪುಟದಲ್ಲಿ ತೀರ್ಮಾನ, ಜೊತೆಗೆ ನಿಲ್ಲಿಸೋ ತಾರೀಖು

ಈಗ ನೋಟ್‌ಬುಕ್ ತೆರೆದು ಬರೆಯಿರಿ. ನಾನು ನಿಂತ ಬಾಗಿಲು. ನನ್ನ ಅಂತರ ಎಷ್ಟು ಅಂಕ. ಅದರಲ್ಲಿ ಅನುಭವದಿಂದ ಎಷ್ಟು, ಕ್ಯಾಟ್‌ನಿಂದ ಎಷ್ಟು. ಆ ಕ್ಯಾಟ್ ಅಂಕ ಯಾವ ಪ್ರಶ್ನೆಗಳಿಂದ ಬರುತ್ತೆ. ಈ ಸಾಲುಗಳನ್ನು 'ಬಹುಶಃ' ಅನ್ನೋ ಪದ ಇಲ್ಲದೆ ತುಂಬೋಕೆ ಆದರೆ ಮತ್ತೆ ಬರೆಯಿರಿ. ಕೊನೆಯ ಸಾಲು ಖಾಲಿ ಉಳಿದರೆ ಈ ವರ್ಷ ಬೇಡ.

ಬರೆಯೋದು ಅಂತಾದರೆ ನಿಲ್ಲಿಸೋ ಗೆರೆಯನ್ನೂ ಈಗಲೇ ಹಾಕಿ, ಮನಸ್ಸು ತಣ್ಣಗಿರುವಾಗ. ನನ್ನದು ಹೀಗಿತ್ತು: ಸೆಪ್ಟೆಂಬರ್ ಮಧ್ಯದೊಳಗೆ ಹತ್ತು ಮಾಕ್, ಕೊನೆಯ ನಾಲ್ಕರ ಸರಾಸರಿ ಹೋದ ವರ್ಷಕ್ಕಿಂತ 15 ಅಂಕ ಮೇಲಿರಬೇಕು. ಇಲ್ಲದಿದ್ದರೆ ಅರ್ಜಿ ಹಾಕಿದ್ದರೂ ಗುರಿ ಬದಲಿಸಿ, ಬೇರೆ ಕಾಲೇಜುಗಳ ಪಟ್ಟಿಗೆ ಇಳಿಯೋದು. ಕ್ಯಾಟ್‌ಗೆ ಎಷ್ಟು ಸಲ ಬರೆಯಬಹುದು ಅಂತ ಮಿತಿ ಇಲ್ಲ, ವಯಸ್ಸಿನ ಮಿತಿಯೂ ಇಲ್ಲ. ಅದಕ್ಕೇ ಮಿತಿ ನೀವೇ ಹಾಕಿಕೊಳ್ಳಬೇಕು.

ದಾರಿ ತಪ್ಪಿದ್ದೀರಿ ಅನ್ನೋದಕ್ಕೆ ಕೆಲವು ಗುರುತು: ಮಾಕ್ ಬರೆದು ವಿಶ್ಲೇಷಣೆ ಮಾಡದೆ ಮುಂದಿನ ಮಾಕ್‌ಗೆ ಹೋಗೋದು. ಹೋದ ವರ್ಷ ಚೆನ್ನಾಗಿದ್ದ ಸೆಕ್ಷನ್ನೇ ಮತ್ತೆ ಮತ್ತೆ ಓದೋದು, ಖುಷಿ ಕೊಡುತ್ತೆ ಅಂತ. ಆಫೀಸಿನಲ್ಲಿ ಹೊಸ ಕೆಲಸ ಬಂದಾಗ "ಹೇಗೂ ಬಿಡ್ತೀನಲ್ಲ" ಅಂತ ತಪ್ಪಿಸಿಕೊಳ್ಳೋದು. ಮುಂದಿನ ಇಂಟರ್‌ವ್ಯೂನಲ್ಲಿ ಹೇಳೋಕೆ ಇದ್ದ ಕಥೆ ಆ ಹೊಸ ಕೆಲಸವೇ ಆಗಿತ್ತು. ಸೇರಿದ ಗೆಳೆಯರ ಫೋಟೋ ನೋಡುತ್ತಾ ಅರ್ಧ ಗಂಟೆ ಕಳೆಯೋದು.

## ಹಂತ 10: ಅರ್ಜಿ ತುಂಬುವಾಗ ಕರ್ನಾಟಕದವರು ಎಡವೋ ಜಾಗ

ಅರ್ಜಿ ಆಗಸ್ಟ್ ಮೊದಲ ವಾರದಿಂದ ಸೆಪ್ಟೆಂಬರ್ ಮಧ್ಯದವರೆಗೆ, ಪರೀಕ್ಷೆ ಸಾಮಾನ್ಯವಾಗಿ ನವೆಂಬರ್ ಕೊನೆಯ ಭಾನುವಾರ. ಹೋದ ವರ್ಷದ ಅರ್ಜಿ ನೋಡಿ ಹಾಗೇ ನಕಲು ಮಾಡಬೇಡಿ, ಅನುಭವದ ತಿಂಗಳು ಬದಲಾಗಿರುತ್ತೆ. ಕಂಪನಿ ಬದಲಿಸಿದ್ದರೆ ಹಳೆಯದರ ರಿಲೀವಿಂಗ್ ಲೆಟರ್ ಈಗಲೇ ಹುಡುಕಿಡಿ.

ಮೀಸಲಾತಿಯದು ಮುಖ್ಯ. ನಮ್ಮ 2ಎ, 3ಎ, 3ಬಿ ರಾಜ್ಯದ ವರ್ಗಗಳು, ಐಐಎಂಗೆ ಅವು ಲೆಕ್ಕಕ್ಕಿಲ್ಲ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇದ್ದರೆ ಮಾತ್ರ 27 ಶೇಕಡಾ ಮೀಸಲಾತಿಗೆ ಬರುತ್ತೀರಿ, ಕೆನೆಪದರದಲ್ಲಿ ಇಲ್ಲ ಅನ್ನೋ ಪ್ರಮಾಣಪತ್ರವೂ ಕೇಂದ್ರದ ನಮೂನೆಯಲ್ಲೇ ಇರಬೇಕು. ಸಿಇಟಿಗೆ ಮಾಡಿಸಿದ ಹಳೇ ಸರ್ಟಿಫಿಕೇಟ್ ಹಿಡಿದು ಇಂಟರ್‌ವ್ಯೂ ದಿನ ಪರದಾಡಿದವರನ್ನು ನೋಡಿದ್ದೇನೆ. ರಾಜ್ಯದ ಪಟ್ಟಿಯಲ್ಲಿದ್ದು ಕೇಂದ್ರದ ಪಟ್ಟಿಯಲ್ಲಿ ಇಲ್ಲದವರು ಇಡಬ್ಲ್ಯೂಎಸ್ (ಆರ್ಥಿಕವಾಗಿ ದುರ್ಬಲ ವರ್ಗ) ಷರತ್ತುಗಳಿಗೆ ಹೊಂದುತ್ತಾರಾ ಅಂತ ನೋಡಿಕೊಳ್ಳಿ. ಅರ್ಜಿ ಸಲ್ಲಿಸಿದ ಮೇಲೆ ವರ್ಗ ಬದಲಿಸೋಕೆ ಆಗಲ್ಲ. ನಾಡಕಚೇರಿಗೆ ಜೂನ್‌ನಲ್ಲೇ ಒಂದು ಸಲ ಹೋಗಿ ಬನ್ನಿ. ಆಗಸ್ಟ್ ಕೊನೆಗೆ ಹೋದರೆ ಸರ್ವರ್ ಡೌನ್ ಅಂತಾರೆ.